ರಾಣೆಬೆನ್ನೂರಿನಲ್ಲಿ ಐವತ್ತು ಕೆಲಸ ಹುಟ್ಟಿಸಬೇಕು: ನಿಮ್ಮೂರಲ್ಲಿ ಹೇಗಾಯ್ತು, ಹೇಳಿ

ಕೇಳಿದವರು, ರಾಣೆಬೆನ್ನೂರು

ನಮ್ಮದು ಒಂದು ಲಕ್ಷ ದಾಟಿದ ಊರು. ಪುಣೆ-ಬೆಂಗಳೂರು ಹೆದ್ದಾರಿ ಪಕ್ಕದಲ್ಲೇ ಇದೆ. ರೈಲು ಇದೆ, ಬೀಜದ ವ್ಯಾಪಾರ ಇದೆ, ಕಾಲೇಜುಗಳಿವೆ. ಆದರೂ ಡಿಗ್ರಿ ಮುಗಿಸಿದ ಹುಡುಗರು ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋಗುತ್ತಾರೆ. ಯುಗಾದಿಗೆ ಬರುತ್ತಾರೆ, ಎರಡು ದಿನ ಇರುತ್ತಾರೆ, ಮತ್ತೆ ಅದೇ ಬಸ್ಸು.

ಹೈಸ್ಕೂಲಿನ ಹಳೇ ಗೆಳೆಯರು ಹನ್ನೊಂದು ಜನ ಸೇರಿದ್ದೇವೆ. ಸ್ವಲ್ಪ ಸ್ವಲ್ಪ ದುಡ್ಡು ಹಾಕಲು ಎಲ್ಲರೂ ತಯಾರು. ಐದು ವರ್ಷದಲ್ಲಿ ಐವತ್ತು ಜನರಿಗೆ ಊರಲ್ಲೇ ತಿಂಗಳ ಸಂಬಳದ ಕೆಲಸ ಸಿಗಬೇಕು ಅನ್ನುವುದು ಆಸೆ. ಒಬ್ಬ ಐಟಿ ಆಫೀಸು ತೆರೆಯೋಣ ಅನ್ನುತ್ತಾನೆ. ಇನ್ನೊಬ್ಬ ದೊಡ್ಡ ಫ್ಯಾಕ್ಟರಿ ತರಿಸಲು ಬೆಂಗಳೂರಿಗೆ ನಿಯೋಗ ಹೋಗೋಣ ಅನ್ನುತ್ತಾನೆ. ನಾನು ಟ್ರೇನಿಂಗ್ ಸೆಂಟರ್ ಅಂದೆ. ಮೂರು ಸಭೆ ಆಯ್ತು, ಮಂಡಕ್ಕಿ-ಮಿರ್ಚಿ ಖಾಲಿ ಆಯ್ತು, ಅಷ್ಟೇ. ನಿಮ್ಮೂರಲ್ಲಿ ಯಾವುದು ಕೈಹಿಡಿಯಿತು, ಯಾವುದು ಕೈಕೊಟ್ಟಿತು ಹೇಳಿ. ಭಾಷಣ ಬೇಡ.

ಬೆಳಗಾವಿ, ಉದ್ಯಮಬಾಗದಲ್ಲಿ ಸಣ್ಣ ಮಷಿನ್ ಶಾಪ್

ಟ್ರೇನಿಂಗ್ ಸೆಂಟರ್ ಬೇಡ್ರಿ. ಮೊದಲು ನಿಮ್ಮ ಹತ್ತಿರದ ಸರ್ಕಾರಿ ಐಟಿಐಗೆ ಹೋಗಿ ನೋಡಿ. ರಾಜ್ಯದಲ್ಲಿ 150 ಐಟಿಐಗಳಿಗೆ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಹೊಸ ಯಂತ್ರಗಳನ್ನು ಹಾಕಿಸಿದ್ದಾರೆ. ನೀವು ಹತ್ತು ಲಕ್ಷ ಸುರಿದು ಕಟ್ಟುವ ಕೋಣೆಗಿಂತ ಒಳ್ಳೆಯ ಸಾಮಾನು ಅಲ್ಲಿರಬಹುದು. ಕಲಿಸುವ ಜಾಗಕ್ಕೆ ಬರ ಇಲ್ಲ. ಕಲಿತ ಮೇಲೆ ಎಲ್ಲಿ ನಿಲ್ಲಬೇಕು ಅನ್ನುವುದೇ ತೊಂದರೆ.

ನನ್ನ ಕಥೆ ಹೇಳುತ್ತೇನೆ. ಒಂದು ಹಳೇ ಲೇತ್ (ಲೋಹವನ್ನು ತಿರುಗಿಸಿ ಕೊರೆಯುವ ಯಂತ್ರ) ಇಟ್ಟುಕೊಂಡು ಶುರು ಮಾಡಿದವನು ನಾನು. ನಮ್ಮೂರಲ್ಲಿ ಫೌಂಡ್ರಿಗಳು ಮೊದಲಿನಿಂದ ಇದ್ದವು. ಎರಕ ಹೊಯ್ದವರಿಗೆ ಅದನ್ನು ಕೊರೆದು, ತಿರುಗಿಸಿ ಕೊಡುವವರು ಬೇಕು. ಆ ಕೆಲಸ ನನ್ನಂಥವರಿಗೆ ಬಂತು. ಕೊಲ್ಹಾಪುರ, ಪುಣೆ ಕಡೆಯ ಗಾಡಿ ಕಂಪನಿಗಳ ಆರ್ಡರ್ ಹೀಗೇ ಕೈಯಿಂದ ಕೈಗೆ ಇಳಿದು ಬರುತ್ತದೆ. ಆಮೇಲೆ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗ ಮಾಡುವ ವಿಶೇಷ ಆರ್ಥಿಕ ವಲಯ ಬಂತು. ಅದೇನು ಖಾಲಿ ಬಯಲಿಗೆ ಬಂದದ್ದಲ್ಲ. ಲೋಹ ಕೊರೆಯುವ ಕೈ ಈ ಸೀಮೆಯಲ್ಲಿ ಮೊದಲೇ ಇತ್ತು.

ನನ್ನ ಶಾಪಿನಲ್ಲಿ ಹುಡುಗರು ಎರಡು ವರ್ಷಕ್ಕೆ ಬಿಟ್ಟು ಹೋಗುತ್ತಿದ್ದರು. ಸಂಬಳ ಕಡಿಮೆ ಅಂತ ಅಂದುಕೊಂಡಿದ್ದೆ. ಒಬ್ಬನನ್ನು ಕೂರಿಸಿ ಕೇಳಿದೆ. "ಅಣ್ಣ, ಇಲ್ಲಿ ಐದು ವರ್ಷ ಆದರೂ ನಾನು ಇದೇ ಮಷಿನ್ ಮುಂದೆ ನಿಂತಿರುತ್ತೇನೆ, ಅಲ್ವಾ?" ಅಂದ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮರುವಾರ ಗೋಡೆಗೆ ಒಂದು ಹಾಳೆ ಅಂಟಿಸಿದೆ. ಆಪರೇಟರ್, ಸೆಟ್ಟರ್ (ಮಷಿನ್ ಹೊಂದಿಸಿ ಕೊಡುವವನು), ಪ್ರೋಗ್ರಾಮರ್, ಶಿಫ್ಟ್ ಇನ್‌ಚಾರ್ಜ್. ಯಾವ ಮೆಟ್ಟಿಲಿಗೆ ಏನು ಕಲಿಯಬೇಕು, ಎಷ್ಟು ಸಂಬಳ ಅಂತ ಬರೆದೆ. ಹೋಗುವವರು ಈಗಲೂ ಹೋಗುತ್ತಾರೆ. ಆದರೆ ಈಗಿನ ಇಬ್ಬರು ಸೆಟ್ಟರ್‌ಗಳು ಆ ಹಾಳೆ ನೋಡಿ ಉಳಿದವರು.

ಅಪ್ರೆಂಟಿಸ್ ತೆಗೆದುಕೊಳ್ಳಿ. 30 ಜನರಿರುವ ಸಂಸ್ಥೆಗೆ ಅದು ಕಡ್ಡಾಯ, ಆದರೆ ನಾಲ್ಕು ಜನರಿದ್ದರೂ ತೆಗೆದುಕೊಳ್ಳಬಹುದು. ಭತ್ಯೆಯಲ್ಲಿ ಒಂದು ಪಾಲು ಕೇಂದ್ರ ಕೊಡುತ್ತದೆ. ಅದನ್ನೆಲ್ಲ ಸರ್ಕಾರದ ಪೋರ್ಟಲ್‌ನಲ್ಲಿ ತುಂಬುವ ಕೆಲಸ ತಲೆನೋವು. ಹನ್ನೊಂದು ಜನರಲ್ಲಿ ಕಂಪ್ಯೂಟರ್ ಗೊತ್ತಿರುವ ಒಬ್ಬರು ಊರಿನ ಹತ್ತು ಶಾಪ್‌ಗಳಿಗೆ ಇದೊಂದನ್ನು ಮಾಡಿಕೊಟ್ಟರೂ ಐವತ್ತರಲ್ಲಿ ಹತ್ತು ಕೆಲಸ ಅಲ್ಲೇ ಆಯ್ತು.

ದಾವಣಗೆರೆ

ದೊಡ್ಡ ಫ್ಯಾಕ್ಟರಿ ಅಂದ ಗೆಳೆಯರಿಗೆ ನನ್ನದೊಂದು ಮಾತು. ನಮ್ಮೂರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಅಪ್ಪ ಹತ್ತಿ ಮಿಲ್ಲಿನಲ್ಲಿದ್ದರು. ಸೈರನ್ ಕೂಗಿದರೆ ಗಡಿಯಾರ ನೋಡಬೇಕಿರಲಿಲ್ಲ. ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ನಮ್ಮ ಓಣಿಯ ಕಿರಾಣಿ ಅಂಗಡಿ, ಸೈಕಲ್ ಶಾಪು, ದರ್ಜಿ, ಎಲ್ಲರೂ ಒಟ್ಟಿಗೇ ಕುಸಿದರು. ಅಪ್ಪನಿಗೆ ಬರಬೇಕಾದ ಬಾಕಿ ಬರುವಷ್ಟರಲ್ಲಿ ನನ್ನ ಪಿಯುಸಿ ಮುಗಿದಿತ್ತು.

ಆಮೇಲೆ ಊರನ್ನು ಎತ್ತಿದ್ದು ಕಾಲೇಜುಗಳು. ಮೆಡಿಕಲ್, ಡೆಂಟಲ್, ಎಂಜಿನಿಯರಿಂಗ್. ರೂಮು ಬಾಡಿಗೆ, ಮೆಸ್, ಝೆರಾಕ್ಸ್, ಬೆಣ್ಣೆ ದೋಸೆ ಹೋಟೆಲು. ಇದರಿಂದ ಸಾವಿರಾರು ಜನ ಊಟ ಮಾಡುತ್ತಿದ್ದಾರೆ, ಸುಳ್ಳು ಹೇಳಬಾರದು. ಆದರೆ ಓದಿದ ಹುಡುಗರು ನಿಮ್ಮ ಹುಡುಗರ ಪಕ್ಕದ ಸೀಟಲ್ಲೇ ಬೆಂಗಳೂರಿಗೆ ಹೋಗುತ್ತಾರೆ!

ಹರಿಹರದಲ್ಲಿ ಲೇತ್ ತಯಾರಿಸುತ್ತಿದ್ದ ದೊಡ್ಡ ಕಾರ್ಖಾನೆ ಮುಚ್ಚಿದಾಗ ನಮ್ಮ ಮಾವನ ಜೊತೆಗಾರರು ಇಬ್ಬರು ತಾವೇ ಸಣ್ಣ ವರ್ಕ್‌ಶಾಪ್ ಹಾಕಿಕೊಂಡರು. ಕಾರ್ಖಾನೆ ಹೋಯಿತು, ಕಲಿತ ಕಸುಬು ಹೋಗಲಿಲ್ಲ. ಮಿಲ್ಲಿನವರಿಗೆ ಆ ದಾರಿ ಇರಲಿಲ್ಲ. ಮಗ್ಗದ ಒಂದು ಮೂಲೆಯ ಕೆಲಸ ಮಾತ್ರ ಬರುತ್ತಿದ್ದವರು ಹೊರಗೆ ಬಂದು ಏನು ತೆರೆಯುತ್ತಾರೆ? ಅಪ್ಪ ವಾಚ್‌ಮನ್ ಆದರು.

ಕೊಪ್ಪಳ ಜಿಲ್ಲೆ, ಹೊಲಿಗೆ ಕಾರ್ಖಾನೆಯಲ್ಲಿ ಸೂಪರ್‌ವೈಸರ್

ಎಲ್ಲರೂ ಹುಡುಗರು ಹುಡುಗರು ಅಂತ ಬರೆದಿದ್ದೀರಿ. ಹುಡುಗಿಯರನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ.

ನಮ್ಮ ಜಿಲ್ಲೆಯ ಭಾನಾಪುರದಲ್ಲಿ 2021ರಲ್ಲಿ ಆಟಿಕೆ ಕ್ಲಸ್ಟರ್‌ಗೆ (ಆಟಿಕೆ ಕಾರ್ಖಾನೆಗಳೆಲ್ಲ ಒಂದೇ ಕಡೆ) ಅಡಿಗಲ್ಲು ಹಾಕಿದರು, 400 ಎಕರೆ. ಅಂಥ ಜಾಗದಲ್ಲಿ, ಗಾರ್ಮೆಂಟ್‌ನಲ್ಲಿ, ಪ್ಯಾಕಿಂಗ್‌ನಲ್ಲಿ ಹೆಣ್ಣುಮಕ್ಕಳೇ ಬೇಕು ಅಂತ ಮಾಲೀಕರು ಹೇಳುತ್ತಾರೆ. ಆದರೆ ಬರುವುದು ಹೇಗೆ ಅಂತ ಯೋಚಿಸುವುದಿಲ್ಲ.

ನಾನು ಮೊದಲು ಸೇರಿದ ಕಡೆ (ಹೆಸರು ಬೇಡ) ಶಿಫ್ಟ್ ಬೆಳಿಗ್ಗೆ ಎಂಟಕ್ಕೆ. ನಮ್ಮೂರಿನ ಮೊದಲ ಬಸ್ಸು ಎಂಟೂವರೆಗೆ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ ಇಲ್ಲ. ಬಹಳ ಅನುಕೂಲ ಆಯ್ತು, ನಿಜ. ಆದರೆ ಬಾರದ ಬಸ್ಸು ಫ್ರೀ ಆದರೇನು? ಹಂಚಿಕೊಂಡು ಆಟೋದಲ್ಲಿ ಹೋದರೆ ಸಂಬಳದ ದೊಡ್ಡ ಪಾಲು ಆಟೋಗೇ ಹೋಗುತ್ತಿತ್ತು. ಮೂರು ತಿಂಗಳಲ್ಲಿ ನಮ್ಮೂರಿನ ಒಂಬತ್ತು ಜನರಲ್ಲಿ ಏಳು ಜನ ಬಿಟ್ಟರು. ಕಾರ್ಖಾನೆಯವರು "ಹಳ್ಳಿ ಹುಡುಗಿಯರಿಗೆ ಕೆಲಸ ಮಾಡುವ ಮನಸ್ಸಿಲ್ಲ" ಅಂದರು. ಆ ಮಾತು ಇನ್ನೂ ನನಗೆ ಉರಿಯುತ್ತದೆ.

ಈಗಿರುವ ಕಡೆ ಶಿಫ್ಟನ್ನು ಒಂಬತ್ತೂಕಾಲಿಗೆ ಮಾಡಿದರು. ಅಷ್ಟೇ ಮಾಡಿದ್ದು. ಜೊತೆಗೆ ಒಂದು ಟೆಂಪೋ ಇಟ್ಟರು, ಒಂದೇ ಹಳ್ಳಿಯಿಂದ ಹದಿನಾಲ್ಕು ಜನರನ್ನು ಒಟ್ಟಿಗೆ ತೆಗೆದುಕೊಂಡರು. ಇದು ಬಹಳ ಮುಖ್ಯ. ಒಬ್ಬಳೇ ಹೋಗುತ್ತೇನೆ ಅಂದರೆ ಅತ್ತೆ ಬೇಡ ಅನ್ನುತ್ತಾರೆ. ಓಣಿಯ ಹದಿನಾಲ್ಕು ಜನ ಹೋಗುತ್ತಾರೆ ಅಂದರೆ "ನೀನೂ ಹೋಗು" ಅನ್ನುತ್ತಾರೆ. ಮೊದಲ ಸಂಬಳದ ದಿನ ಮಾಲೀಕರು ಮನೆಯವರನ್ನೂ ಕರೆದು ಒಳಗೆಲ್ಲ ತೋರಿಸಿದರು. ನಮ್ಮತ್ತೆ ಶೌಚಾಲಯದ ಬಾಗಿಲು ತೆರೆದು, ಚಿಲಕ ಹಾಕಿ ನೋಡಿ ಬಂದರು. ಅಲ್ಲಿಂದ ಮುಂದೆ ಮನೆಯಲ್ಲಿ ಒಂದು ಮಾತು ಬರಲಿಲ್ಲ.

ನಿಮ್ಮ ಹನ್ನೊಂದು ಜನರಲ್ಲಿ ಹೆಂಗಸರು ಎಷ್ಟು?

ಉಡುಪಿ, ಸಾಫ್ಟ್‌ವೇರ್

ಐಟಿ ಬಗ್ಗೆ ಚಿಕ್ಕದಾಗಿ. ನಮ್ಮೂರಲ್ಲಿ 1996ರಲ್ಲೇ ರೋಬೋಸಾಫ್ಟ್ ಅನ್ನುವ ಸಾಫ್ಟ್‌ವೇರ್ ಕಂಪನಿ ಶುರುವಾಯಿತು, ದೊಡ್ಡದಾಗಿ ಬೆಳೆಯಿತು. ಅದನ್ನು ನೋಡಿ "ಕಟ್ಟಡ ಕಟ್ಟಿದರೆ ಕಂಪನಿ ಬರುತ್ತದೆ" ಅಂತ ತಿಳಿಯಬೇಡಿ. ಕಟ್ಟಿದವರು ಊರಲ್ಲೇ ಉಳಿದರು, ಕೆಲಸವನ್ನು ಹೊರದೇಶದಿಂದ ತಂದರು, ಪಕ್ಕದಲ್ಲಿ ಮಣಿಪಾಲ ಇತ್ತು. ಕೆಲಸ ತರುವ ಒಬ್ಬ ಮನುಷ್ಯ ಇಲ್ಲದಿದ್ದರೆ ಐಟಿ ಆಫೀಸು ಬರೀ ಬಾಡಿಗೆ ಮತ್ತು ಎಸಿ ಬಿಲ್ಲು.

ನಿಮ್ಮೂರಿನವರು ಈಗಾಗಲೇ ಮನೆಯಿಂದ ಕೆಲಸ ಮಾಡುತ್ತಿರುತ್ತಾರೆ, ಹುಡುಕಿ. ಎರಡು ಬೇರೆ ಕಂಪನಿಗಳ ಇಂಟರ್ನೆಟ್ ಲೈನ್, ಒಂದು ಯುಪಿಎಸ್, ಎಂಟು ಕುರ್ಚಿ ಸಾಕು. ಅವರಲ್ಲಿ ಒಬ್ಬರಿಗೆ ಸಹಾಯಕ್ಕೆ ಇಬ್ಬರು ಬೇಕಾದಾಗ ನಿಮ್ಮ ಮೊದಲ ಎರಡು ಕೆಲಸ.

ರಾಣೆಬೆನ್ನೂರು ತಾಲೂಕು, ಬೀಜೋತ್ಪಾದನೆ

ನಮ್ಮೂರಿನ ಪ್ರಶ್ನೆಗೆ ಬೆಳಗಾವಿ, ಉಡುಪಿಯವರು ಉತ್ತರ ಕೊಟ್ಟರು, ಸಂತೋಷ. ಅಲ್ರಿ, ಪ್ರಶ್ನೆಯಲ್ಲಿ "ಬೀಜದ ವ್ಯಾಪಾರ ಇದೆ" ಅಂತ ಬರೆದು ಮುಂದೆ ಹೋಗಿಬಿಟ್ಟಿರಲ್ಲ! ಅಲ್ಲೇ ನಿಲ್ಲಬೇಕಿತ್ತು.

ಹೈಬ್ರಿಡ್ ಟೊಮೆಟೊ, ಮೆಣಸಿನ ಬೀಜ ಹೇಗೆ ಆಗುತ್ತದೆ ಗೊತ್ತಲ್ಲ? ನಾಳೆ ಅರಳುವ ಮೊಗ್ಗನ್ನು ಇವತ್ತು ಸಂಜೆ ಗುರುತಿಸಿ, ಅದರ ಕೇಸರ ತೆಗೆಯಬೇಕು. ಬೆಳಿಗ್ಗೆ ಗಂಡು ಸಾಲಿನ ಪರಾಗವನ್ನು ಒಂದೊಂದು ಹೂವಿಗೂ ಮುಟ್ಟಿಸಿ ಗುರುತು ಮಾಡಬೇಕು. ಒಂದು ಮೊಗ್ಗು ತಪ್ಪಿ ತನ್ನಷ್ಟಕ್ಕೆ ತಾನೇ ಕಾಯಿ ಕಟ್ಟಿದರೆ ಆ ಬೀಜ ಹೈಬ್ರಿಡ್ ಅಲ್ಲ. ಈ ಕ್ರಾಸಿಂಗ್ ಕೆಲಸ ಮಾಡುವ ನಮ್ಮ ಹೆಣ್ಣುಮಕ್ಕಳ ಕೈಗೆ ಬೆಲೆ ಕಟ್ಟಲು ಆಗುವುದಿಲ್ಲ. ಆದರೆ ಅವರಿಗೆ ಸಿಗುವುದು ದಿನಗೂಲಿ, ಅದೂ ಹಂಗಾಮು ಇರುವಷ್ಟು ದಿನ. ಇಲ್ಲಿ ತಿಂಗಳ ಸಂಬಳ ಅಂದರೆ ಬೀಜ ಹೊಲದಿಂದ ಬಂದ ಮೇಲಿನ ಕೆಲಸ. ಒಣಗಿಸುವುದು, ಗ್ರೇಡಿಂಗ್, ಮೊಳಕೆ ಪರೀಕ್ಷೆ, ಶುದ್ಧತೆಯ ಪರೀಕ್ಷೆ, ಪ್ಯಾಕಿಂಗ್, ಲಾಟ್ (ಒಟ್ಟಿಗೆ ಪರೀಕ್ಷೆಗೆ ಹೋಗುವ ಒಂದು ಕಂತಿನ ಬೀಜ) ಲೆಕ್ಕ. ಮೆಕ್ಕೆಜೋಳದ ಹೈಬ್ರಿಡ್ ಬೀಜ ಕನಿಷ್ಠ ನೂರಕ್ಕೆ 90 ಮೊಳೆಯಬೇಕು, ಮೆಣಸಿನಕಾಯಿ 60. ಲಾಟ್ ಫೇಲ್ ಆದರೆ ರೈತನ ವರ್ಷದ ದುಡಿಮೆ ಹೋಯಿತು. ನನ್ನದೇ ಒಂದು ಲಾಟ್ ಹೋಗಿದೆ. ಪರೀಕ್ಷೆ ದೂರದಲ್ಲಿ ಆಗಿದ್ದು, ಯಾಕೆ ಫೇಲ್ ಅಂತ ಕೇಳಲೂ ಯಾರೂ ಸಿಗಲಿಲ್ಲ.

ಹನುಮನಮಟ್ಟಿ ನಮ್ಮ ತಾಲೂಕಿನಲ್ಲೇ ಇದೆ. ಅಲ್ಲಿ ಕೃಷಿ ಕಾಲೇಜಿದೆ, ಕೃಷಿ ವಿಜ್ಞಾನ ಕೇಂದ್ರ ಇದೆ. ಬಿಎಸ್ಸಿ ಮುಗಿಸಿದ ಹುಡುಗಿಗೆ ಪೆಟ್ರಿ ತಟ್ಟೆ, ಮೊಳಕೆ ಪೆಟ್ಟಿಗೆ ಹೊಸದಲ್ಲ. ಅವಳು ಬೆಂಗಳೂರಿಗೆ ಹೋಗಿ ಕಾಲ್ ಸೆಂಟರ್‌ನಲ್ಲಿ ಕೂತಿದ್ದಾಳೆ. ಬ್ಯಾಡಗಿ ಮೆಣಸಿನಕಾಯಿಯ ಕಥೆಯೂ ಇಷ್ಟೇ. ಖಾರ ಕಡಿಮೆ, ಬಣ್ಣ ಜಾಸ್ತಿ, ಆ ಬಣ್ಣಕ್ಕೇ ದುಡ್ಡು. ನಮ್ಮವರು ತೊಟ್ಟು ಬಿಡಿಸಿ ಚೀಲಕ್ಕೆ ತುಂಬುವಲ್ಲಿಗೆ ನಿಲ್ಲುತ್ತಾರೆ.

ಬ್ಯಾಂಕಿನಿಂದ ನಿವೃತ್ತಿ, ಧಾರವಾಡ

ದುಡ್ಡಿನ ದಾರಿ ಹೇಳುತ್ತೇನೆ. ಸ್ವಂತ ಉದ್ಯಮ ಶುರು ಮಾಡುವವರಿಗೆ ಕೇಂದ್ರದ ಪಿಎಂಇಜಿಪಿ ಇದೆ, ಅದರಲ್ಲಿ ತಯಾರಿಕೆಗೆ 50 ಲಕ್ಷ, ಸೇವೆಗೆ 20 ಲಕ್ಷದವರೆಗಿನ ಯೋಜನೆಗೆ ಸಾಲ ಸಿಗುತ್ತದೆ. ಸಾಮಾನ್ಯ ವರ್ಗಕ್ಕೆ ನಗರದಲ್ಲಿ ಶೇ. 15, ಗ್ರಾಮೀಣ ಭಾಗದಲ್ಲಿ ಶೇ. 25 ಸಹಾಯಧನ. ಮಹಿಳೆಯರು, ಪರಿಶಿಷ್ಟರು, ಹಿಂದುಳಿದವರಿಗೆ 25 ಮತ್ತು 35. ಅಂದರೆ ನಗರಸಭೆಯ ಗಡಿ ದಾಟಿ ಪಂಚಾಯಿತಿ ಜಾಗದಲ್ಲಿ ಶೆಡ್ ಹಾಕಿದರೆ ಶೇ. 10 ಹೆಚ್ಚು. ಆಹಾರ ಸಂಸ್ಕರಣೆಯಾದರೆ ಪಿಎಂಎಫ್‌ಎಂಇ ಅನ್ನುವ ಯೋಜನೆ ಬೇರೆ ಇದೆ, ಅದರಲ್ಲಿ ಸಹಾಯಧನ ಶೇ. 35.

ಒಂದು ಎಚ್ಚರ. ಪಿಎಂಇಜಿಪಿ ಸಹಾಯಧನ ನಿಮ್ಮ ಕೈಗೆ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಇರುತ್ತದೆ, ಘಟಕ ನಡೆಯುತ್ತಿದ್ದರೆ ಸಾಲಕ್ಕೆ ಜಮಾ. ಇದು ಗೊತ್ತಿಲ್ಲದೆ ಮೊದಲ ವರ್ಷವೇ ಕೈಸೋತವರನ್ನು ನನ್ನ ಟೇಬಲ್ ಮುಂದೆ ಎಷ್ಟೋ ಸಲ ನೋಡಿದ್ದೇನೆ. ಸಹಾಯಧನ ಇಲ್ಲದೆಯೂ ನಿಲ್ಲುವ ಲೆಕ್ಕ ಇದ್ದರೆ ಮಾತ್ರ ಅರ್ಜಿ ಹಾಕಿ.

ತರಬೇತಿ ಬೇಕೇ ಬೇಕು ಅಂದರೆ ನಿಮ್ಮ ಜಿಲ್ಲೆಯ ಆರ್‌ಸೆಟಿಗೆ (ಬ್ಯಾಂಕಿನವರು ನಡೆಸುವ ಸ್ವಉದ್ಯೋಗ ತರಬೇತಿ ಸಂಸ್ಥೆ) ಕಳುಹಿಸಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟಿ ಮಾದರಿ ಅದು. ಊಟ, ವಸತಿ, ಕಲಿಕೆ ಎಲ್ಲ ಉಚಿತ.

ಗದಗದವನು, ಈಗ ಬೆಂಗಳೂರು

ಬೈಯಬೇಡಿ. ನಾನು ಆ ರಾತ್ರಿ ಬಸ್ಸಿನವನೇ. ವಾಪಸ್ ಬರಲು ಸಂಬಳ ಸ್ವಲ್ಪ ಕಡಿಮೆಯಾದರೂ ನಡೆಯುತ್ತದೆ, ಬಾಡಿಗೆ ಉಳಿಯುತ್ತದೆ. ಆದರೆ ಒಂದು ಕೆಲಸ ಹೋದರೆ ಊರಲ್ಲಿ ಎರಡನೇ ಕೆಲಸ ಎಲ್ಲಿದೆ? ಹೆಂಡತಿಗೆ ಎಲ್ಲಿದೆ? ಬೆಂಗಳೂರಲ್ಲಿ ಪಕ್ಕದ ಗಲ್ಲಿಯಲ್ಲಿ ಇನ್ನೊಂದು ಸಿಗುತ್ತದೆ ಅನ್ನುವ ಧೈರ್ಯಕ್ಕೇ ನಾನಿಲ್ಲಿ ಇರುವುದು. ಒಂದೇ ಕಂಪನಿಯಲ್ಲಿ ಐವತ್ತು ಕೆಲಸ ಇದ್ದರೆ ನಾನು ಬರುವುದಿಲ್ಲ. ಹತ್ತು ಕಡೆ ಐದೈದು ಇದ್ದರೆ ಯೋಚಿಸುತ್ತೇನೆ.

ಕೇಳಿದವರು, ರಾಣೆಬೆನ್ನೂರು

ಎರಡು ಸಲ ಓದಿದೆ. ಕೊಪ್ಪಳದ ಅಕ್ಕನ ಪ್ರಶ್ನೆಗೆ ಉತ್ತರ: ಸೊನ್ನೆ. ನಾಚಿಕೆ ಆಯ್ತು. ನಮ್ಮ ಕ್ಲಾಸಿನ ಹೆಣ್ಣುಮಕ್ಕಳು ಮೂವರು ಊರಲ್ಲೇ ಇದ್ದಾರೆ, ಒಬ್ಬಳು ಬೀಜದ ಗೋದಾಮಿನಲ್ಲಿ ಲೆಕ್ಕ ಬರೆಯುತ್ತಾಳೆ. ಭಾನುವಾರದ ಸಭೆಗೆ ಕರೆದಿದ್ದೇವೆ.

ನಿಯೋಗದ ಮಾತು ಬಿಟ್ಟೆವು, ಐಟಿಯವನು ಮುನಿಸಿಕೊಂಡಿದ್ದಾನೆ. ಬೀಜ ಸಂಸ್ಕರಣೆ ಘಟಕ, ಗೋದಾಮು, ಮಷಿನ್ ಶಾಪ್‌ಗಳಿಗೆ ಹಂಚಿಕೊಂಡು ಹೋಗಿ, ಯಾವ ಕೆಲಸಕ್ಕೆ ಜನ ಸಿಗುತ್ತಿಲ್ಲ, ಶಿಫ್ಟ್ ಎಷ್ಟು ಗಂಟೆಗೆ, ಕಳೆದ ವರ್ಷ ಬಿಟ್ಟವರು ಯಾಕೆ ಬಿಟ್ಟರು ಅಂತ ಬರೆದುಕೊಂಡು ಬರುತ್ತೇವೆ. ಜೊತೆಗೆ ಸುತ್ತಲಿನ ಹಳ್ಳಿಗಳ ಮೊದಲ ಬಸ್ಸಿನ ವೇಳೆಯನ್ನೂ.

ಬೀಜೋತ್ಪಾದನೆಯ ಅಣ್ಣನಿಗೆ ಒಂದು ಪ್ರಶ್ನೆ. ಹತ್ತು ಹದಿನೈದು ರೈತರು ಸೇರಿ, ಕಂಪನಿಗೆ ಕೊಡುವ ಮೊದಲೇ ತಮ್ಮ ಲಾಟ್‌ನ ಮೊಳಕೆ ನೋಡಿಕೊಳ್ಳಲು ಊರಲ್ಲಿ ಒಂದು ಸಣ್ಣ ಕೋಣೆ ಇದ್ದರೆ, ಒಂದು ಸ್ಯಾಂಪಲ್‌ಗೆ ನೀವು ಎಷ್ಟು ಕೊಡುತ್ತೀರಿ? ಸುಮ್ನೆ ಹೇಳಬೇಡಿ, ಜೇಬು ಮುಟ್ಟಿಕೊಂಡು ಹೇಳಿ.