ಪಶ್ಚಿಮದವರಿಗೆ ಹೇಳುವಾಗ ಉಪದೇಶ ಬದಲಾದದ್ದು ಎಲ್ಲಿ?

ಜಿಜ್ಞಾಸು:
ವಿವೇಕಾನಂದರಿಂದ ಇಸ್ಕಾನ್ ಸ್ಥಾಪಿಸಿದ ಪ್ರಭುಪಾದರವರೆಗೆ ಎಲ್ಲರೂ ‘ಅಮೆರಿಕದವರಿಗಾಗಿ ನೀರು ಬೆರೆಸಿದರು’ ಅನ್ನುವ ಮಾತು ಆಗಾಗ ಕೇಳುತ್ತದೆ. ಯಾವ ಸೂತ್ರದಲ್ಲಿ, ಯಾವ ಪದದಲ್ಲಿ ಅಂತ ಮಾತ್ರ ಯಾರೂ ತೋರಿಸುವುದಿಲ್ಲ. ಬದಲಾವಣೆಯನ್ನು ಪತ್ತೆ ಮಾಡುವ ಕ್ರಮ ಯಾವುದು?

ಭಾಷ್ಯಪ್ರಿಯ:
ಮೂಲ, ಹಳೆಯ ಭಾಷ್ಯ, ಇಂಗ್ಲಿಷ್ ಉಪನ್ಯಾಸ, ಈ ಮೂರನ್ನೂ ಒಟ್ಟಿಗೆ ಬಿಡಿಸಿಕೊಳ್ಳಿ. ಭಾಷ್ಯ ಬಿಟ್ಟರೆ ಖಂಡಿತ ಎಡವುತ್ತೀರಿ. ಪತಂಜಲಿಯ ಯೋಗಸೂತ್ರ 4.2, 4.3 ನೋಡಿ. ಅಲ್ಲಿ ಹೊಲಕ್ಕೆ ನೀರು ಬಿಡುವ ರೈತನ ಹೋಲಿಕೆ ಇದೆ. ರೈತ ನೀರನ್ನು ಹೊತ್ತು ತರುವುದಿಲ್ಲ. ತಡೆ ತೆಗೆಯುತ್ತಾನೆ, ನೀರು ತಾನೇ ಹರಿಯುತ್ತದೆ. ಆ ಸೂತ್ರಗಳ ಹಳೆಯ ವ್ಯಾಖ್ಯಾನವಾದ ವ್ಯಾಸಭಾಷ್ಯದಲ್ಲಿ ಇದು ಒಬ್ಬನ ದೇಹೇಂದ್ರಿಯಗಳು ಬೇರೆ ಜೀವಜಾತಿಗೆ ಮಾರ್ಪಡುವ ವಿಷಯ, ಉದಾಹರಣೆಗೆ ದೇವನಾದ ನಂದೀಶ್ವರ, ಹಾವಾದ ನಹುಷ. 1896ರ ‘ರಾಜಯೋಗ’ದಲ್ಲಿ ವಿವೇಕಾನಂದರು ಅದೇ ಹೋಲಿಕೆಯನ್ನು ಜೀವವಿಕಾಸಕ್ಕೆ ಹಚ್ಚಿದರು: ಪೂರ್ಣತೆ ಒಳಗೇ ಇದೆ, ವಿಕಾಸಕ್ಕೆ ಪೈಪೋಟಿ ಬೇಕಿಲ್ಲ. ಹೋಲಿಕೆ ಉಳಿಯಿತು, ಅದರ ವ್ಯಾಪ್ತಿ ಹಿಗ್ಗಿತು. ಇದನ್ನು ನೀರು ಬೆರೆಸಿದ್ದು ಅನ್ನಲಾರೆ. ಡಾರ್ವಿನ್ನನನ್ನು ಓದಿದ ಸಭೆಗೆ ಕೊಟ್ಟ ಹೊಸ ವ್ಯಾಖ್ಯಾನ ಇದು.

ಇನ್ನೊಂದು, 1893ರ ಸೆಪ್ಟೆಂಬರ್ 19ರಂದು ಷಿಕಾಗೋದ ಸರ್ವಧರ್ಮ ಸಮ್ಮೇಳನದಲ್ಲಿ ವಿವೇಕಾನಂದರು ಓದಿದ ಪ್ರಬಂಧ. ಶ್ವೇತಾಶ್ವತರ ಉಪನಿಷತ್ತಿನ (2.5) ‘ಅಮೃತಸ್ಯ ಪುತ್ರಾಃ’ ಎಂದರೆ ಅಮೃತನ ಮಕ್ಕಳು, ದಿವ್ಯಧಾಮಗಳಲ್ಲಿರುವವರು. ಅವರು ಅದನ್ನು ‘ಅಮರ ಆನಂದದ ಮಕ್ಕಳು’ ಎಂದು ಮಾಡಿ, ಎದುರಿಗೆ ಕುಳಿತವರನ್ನೇ ಆ ಹೆಸರಿನಿಂದ ಕರೆದರು. ‘ಆನಂದ’ ಮಂತ್ರದಲ್ಲಿಲ್ಲ. ಮನುಷ್ಯ ಹುಟ್ಟಿನಿಂದಲೇ ಪಾಪಿ ಎಂಬ ಕ್ರೈಸ್ತ ನಂಬಿಕೆಗೆ ಅದು ನೇರ ಉತ್ತರ.

ನ್ಯಾಯಪಥ:
ಹೊಸ ವ್ಯಾಖ್ಯಾನ ಒಂದು ಬಗೆ, ಹೆಸರನ್ನಷ್ಟೇ ಬದಲಿಸುವುದು ಇನ್ನೊಂದು. ಮಹರ್ಷಿ ಮಹೇಶ ಯೋಗಿಯವರ ಭಾವಾತೀತ ಧ್ಯಾನ (ಟಿ.ಎಂ.) ದಿನಕ್ಕೆರಡು ಬಾರಿ, ಸುಮಾರು 20 ನಿಮಿಷ. ಅದನ್ನು ಮತವಲ್ಲ, ವಿಜ್ಞಾನ ಎಂದೇ ಕಲಿಸಿದರು. ಆದರೆ ಮಂತ್ರ ಕೊಡುವ ಮುನ್ನ ಸಂಸ್ಕೃತದ ಗುರುಪೂಜೆ ಇತ್ತು. ಅದೇ ಪಾಠ ಅಮೆರಿಕದ ನ್ಯೂಜೆರ್ಸಿಯ ಸರಕಾರಿ ಶಾಲೆಗಳಿಗೆ ಬಂದಾಗ ವಿಷಯ ಕೋರ್ಟಿಗೆ ಹೋಯಿತು. ಆ ಶ್ಲೋಕಗಳ ಅನುವಾದವನ್ನೂ ಪರಿಶೀಲಿಸಿದ ನ್ಯಾಯಾಲಯ 1977ರಲ್ಲಿ ಇದು ಧಾರ್ಮಿಕ ಬೋಧನೆ ಎಂದಿತು. 1979ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನೇ ಎತ್ತಿಹಿಡಿಯಿತು. ಪೂಜೆ ಇದ್ದದ್ದು ತಪ್ಪಲ್ಲ. ಅದಕ್ಕೆ ಅರ್ಥವೇ ಇಲ್ಲವೆಂಬಂತೆ ನಡೆದುಕೊಂಡದ್ದು ಕೋರ್ಟಿನಲ್ಲಿ ನಿಲ್ಲಲಿಲ್ಲ.

ಜಪಮಾಲೆ:
ಪ್ರಭುಪಾದರ ಲೆಕ್ಕ ಬೇರೆ. ಅವರದು ಚೈತನ್ಯರನ್ನು ಅನುಸರಿಸುವ ಗೌಡೀಯ ವೈಷ್ಣವ ಪರಂಪರೆ. ಅದರ ಆದರ್ಶ ದಿನಕ್ಕೆ 64 ಮಾಲೆ ಜಪ. ಅವರು ಅಮೆರಿಕದ ಶಿಷ್ಯರಿಗೆ 16ಕ್ಕೆ ಇಳಿಸಿದರು. ಮಾಲೆಗೆ 108ರಂತೆ 1,728 ಮಂತ್ರ, ಸುಮಾರು ಎರಡು ಗಂಟೆ. 64 ಆದರೆ ಎಂಟು ಗಂಟೆ. ಕೆಲಸಕ್ಕೆ ಹೋಗುವವನಿಗೆ ಎಲ್ಲಿಂದ ಬರಬೇಕು? ಆದರೆ ಮಾಂಸ, ಮಾದಕ, ಜೂಜು, ಅಕ್ರಮ ಸಂಬಂಧ, ಈ ನಾಲ್ಕು ನಿಷೇಧಗಳಲ್ಲಿ ಒಂದನ್ನೂ ಸಡಿಲಿಸಲಿಲ್ಲ. ಪ್ರಮಾಣ ಇಳಿಯಿತು, ನಿಯಮ ಇಳಿಯಲಿಲ್ಲ.

ಜಿಜ್ಞಾಸು:
ಹಾಗಿದ್ದರೆ ವಿವೇಕಾನಂದರು ಮೂರ್ತಿಪೂಜೆಯನ್ನು ಅಲ್ಲಿ ಮುಚ್ಚಿಟ್ಟರು ಅನ್ನುತ್ತಾರಲ್ಲ?

ಭಾಷ್ಯಪ್ರಿಯ:
ಅದೇ ಷಿಕಾಗೋ ಪ್ರಬಂಧದಲ್ಲಿ ಅದನ್ನು ಬಹಿರಂಗವಾಗಿ ಸಮರ್ಥಿಸಿದ್ದಾರೆ. ಅವರ ನ್ಯೂಯಾರ್ಕ್ ಉಪನ್ಯಾಸಗಳ ಜೊತೆಗೆ 1897ರಲ್ಲಿ ಮದ್ರಾಸಿನಲ್ಲಿ ಮಾತಾಡಿದ್ದನ್ನೂ ಇಡಿ. ಒಂದೇ ವಿಷಯದಲ್ಲಿ ಎರಡು ಊರುಗಳ ಮಾತು ಎಲ್ಲಿ ಬೇರೆಯಾಗುತ್ತದೋ ಅಲ್ಲಿ ಗುರುತು ಹಾಕಿ.