ಸಹಾಯ ಬೇಕು: ವರ್ಣನೆಯ ಧಾಟಿ ಗುರುತಿಸಲು ಹೇಗೆ ಕಲಿಸುವುದು?

ಎಲ್ಲರಿಗೂ ನಮಸ್ಕಾರ. ಕೊಪ್ಪಳ ಜಿಲ್ಲೆಯ ಹೈಸ್ಕೂಲೊಂದರಲ್ಲಿ ಕನ್ನಡ ಕಲಿಸುತ್ತೇನೆ. ಯಾವ ಪ್ಯಾರಾ ಕೊಟ್ಟು ಧಾಟಿ ಕೇಳಿದರೂ ಒಂಬತ್ತನೇ ತರಗತಿಯವರ ಉತ್ತರ ಒಂದೇ: 'ಚೆನ್ನಾಗಿ ವರ್ಣಿಸಿದ್ದಾರೆ ಸರ್'!

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ತುಂಡಾಗಿತ್ತಲ್ವಾ, ಅದನ್ನೇ ಎರಡು ಥರ ಬರೆದು ಕೊಟ್ಟೆ. 'ಹಾಲಿನಂಥ ನೊರೆ ಎಬ್ಬಿಸುತ್ತ ನೀರು ಧುಮುಕಿತು' ಅಂತ ಒಂದು. 'ಗದ್ದೆಗೆ ಬರಬೇಕಾದ ನೀರು ಕಣ್ಣೆದುರೇ ಹರಿದುಹೋಯಿತು' ಅಂತ ಇನ್ನೊಂದು. ಎರಡನೆಯದರಲ್ಲಿ ಸಂಕಟ ಇದೆ ಅಂತ ತಟ್ಟನೆ ಹೇಳಿದರು. ರೈತರ ಮಕ್ಕಳು, ಗೊತ್ತಾಗದೇ ಇರುತ್ತಾ? ಆದರೆ ಯಾವ ಪದದಿಂದ ಗೊತ್ತಾಯಿತು ಅಂದರೆ ಸುಮ್ನೆ ನಿಲ್ಲುತ್ತಾರೆ. ವ್ಯಂಗ್ಯವನ್ನಂತೂ ಹೊಗಳಿಕೆ ಅಂತಲೇ ಓದುತ್ತಾರೆ.

ಪದ ಹುಡುಕಿ ಕಾರಣ ಹೇಳಿಸುವಂಥ ಆಟ, ವರ್ಕ್‌ಶೀಟ್ ಏನಾದರೂ ಇದ್ದರೆ ದಯವಿಟ್ಟು ಹಂಚಿಕೊಳ್ಳಿ. ವ್ಯಂಗ್ಯಕ್ಕೆ ಸಣ್ಣ ಸಣ್ಣ ಉದಾಹರಣೆಗಳೇ ಜಾಸ್ತಿ ಬೇಕಾಗಿವೆ.