ಬಾಡಿಗೆ ಫ್ಲ್ಯಾಟಿನಲ್ಲಿ ಅಂಬೆಗಾಲಿನ ಮಗು: ಮೊದಲು ಏನು ಮಾಡಬೇಕು?

ಪ್ರಶ್ನೆ, ಮುಂಬೈ ಹತ್ತಿರದ ಡೊಂಬಿವಲಿಯಿಂದ:
ಮಗುವಿಗೆ ಹತ್ತು ತಿಂಗಳು, ಅಂಬೆಗಾಲಲ್ಲೇ ಮನೆಯೆಲ್ಲ ಸುತ್ತುತ್ತದೆ. ಏಳನೇ ಮಹಡಿ, ಬಾಡಿಗೆ ಮನೆ. ಸ್ಲೈಡಿಂಗ್ ಕಿಟಕಿ, ಬಾಲ್ಕನಿಗೆ ಪಾರಿವಾಳದ ಬಲೆ. ನೀರು ಬೆಳಿಗ್ಗೆ ಮಾತ್ರ. ಗೋಡೆಗೆ ತೂತು ಕೊರೆಯಬಾರದೆಂದು ಮಾಲೀಕರ ತಾಕೀತು. ಮೂಲೆಗೆ ಅಂಟಿಸುವ ಸ್ಪಂಜು, ಪ್ಲಗ್ ಮುಚ್ಚಳ ಇರುವ ಕಿಟ್ ಆನ್‌ಲೈನಿನಲ್ಲಿ ಸಿಗುತ್ತದೆ. ಅಷ್ಟು ಸಾಕೆ? ಬಲ್ಲವರು ಹೇಳಿ.

ಗ್ರಿಲ್ ಕೆಲಸದವರು, ಭಾಂಡುಪ್:
ಕಿಟ್ ಆಮೇಲೆ ನೋಡುವ ಮಾರಾಯ್ರೆ, ಮೊದಲು ಕಿಟಕಿ. ಪಾರಿವಾಳದ ಬಲೆ ಹಕ್ಕಿಗೆ ಮಾತ್ರ. ನೈಲಾನ್ ನೂಲು ಬಿಸಿಲಿಗೆ ಲಡ್ಡಾಗುತ್ತದೆ, ಕೊಕ್ಕೆಗಳು ಹೆಚ್ಚಾಗಿ ಬರೀ ಪ್ಲಾಸ್ಟರಿನಲ್ಲಿ ಕೂತಿರುತ್ತವೆ. ಮಗು ಒರಗಿದರೆ ನಂಬುವ ಹಾಗಿಲ್ಲ. ಸೊಳ್ಳೆ ಜಾಲರಿಯ ಕತೆಯೂ ಅದೇ.

ಕೊರೆಯದೆ ಇವತ್ತೇ ಮಾಡಬಹುದಾದದ್ದು ಕಿಟಕಿಯ ಹಳಿಗೆ ಬಿಗಿಯುವ ಸ್ಟಾಪರ್. 10 ಸೆಂ.ಮೀ.ಗಿಂತ ಹೆಚ್ಚು ತೆರೆಯದ ಜಾಗದಲ್ಲಿ ಇಟ್ಟು ಅಲೆನ್ ಕೀಯಿಂದ ಬಿಗಿಮಾಡಿ. ಮೇಲಿನ ಹಳಿಗೂ ಒಂದು ಬೇಕು, ಕೆಳಗಿನದು ಮಗುವಿನ ಕೈಗೆ ಸಿಗುತ್ತದೆ. ಆಮೇಲೆ ನೀವೇ ಜೋರಾಗಿ ಎಳೆದು ನೋಡಿ. ಜಾರಿದರೆ ಹಳಿಯ ಧೂಳು, ಎಣ್ಣೆ ಒರೆಸಿ ಮತ್ತೆ ಹಾಕಿ. ಮಂಚ, ಸೋಫಾ, ಸ್ಟೂಲು ಯಾವುದೂ ಕಿಟಕಿಯ ಕೆಳಗೆ ಬೇಡ. ಬಟ್ಟೆ ಒಣಗಿಸುವ ಸ್ಟ್ಯಾಂಡನ್ನು ಬಾಲ್ಕನಿಯಿಂದ ಒಳಗೆ ತನ್ನಿ, ಮಗುವಿಗೆ ಅದು ಏಣಿಯೇ. ಕಂಬಿಗಳು ಅಡ್ಡಡ್ಡ ಇದ್ದರೆ ಒಳಬದಿಗೆ ಪಾಲಿಕಾರ್ಬನೇಟ್ (ಗಟ್ಟಿ ಪ್ಲಾಸ್ಟಿಕ್) ಹಾಳೆ ಇಟ್ಟು ಕೇಬಲ್ ಟೈಯಿಂದ ಕಟ್ಟಿ. ಕಪ್ಪು ಟೈ ತಗೊಳ್ಳಿ, ಬಿಳಿಯದು ಬಿಸಿಲಿಗೆ ಬೇಗ ಮುರಿಯುತ್ತದೆ.

ಮಾಲೀಕರು ಒಪ್ಪಿದರೆ ಇನ್‌ವಿಸಿಬಲ್ ಗ್ರಿಲ್ ಹಾಕಿಸಿ: 316 ದರ್ಜೆಯ ಸ್ಟೀಲ್ ತಂತಿ, 2 ಇಂಚಿಗೊಂದು. ಕೊಟೇಶನ್ ಅಗ್ಗವಿದ್ದರೆ ತಂತಿ 304 ಇದೆಯೋ, ಅಂತರ 4 ಇಂಚು ಇದೆಯೋ ಕೇಳಿ. ಉಪ್ಪುಗಾಳಿಗೆ 304 ಬೇಗ ತುಕ್ಕು ಹಿಡಿಯುತ್ತದೆ. ತಂತಿ ಬಾಗುವುದರಿಂದ 4 ಇಂಚಿನ ಸಂದು ತಳ್ಳಿದಷ್ಟೂ ಅಗಲವಾಗುತ್ತದೆ.

ಪುಣೆಯಿಂದ ಒಬ್ಬರು:
ಒಂದು ತಕರಾರು. ಎಲ್ಲ ಕಿಟಕಿಗೂ ಗಟ್ಟಿ ಗ್ರಿಲ್ ಜಡಿದರೆ ಬೆಂಕಿ ಬಿದ್ದಾಗ ಮನೆಯವರೇ ಒಳಗೆ ಸಿಕ್ಕಿಬೀಳುತ್ತಾರೆ. ಒಂದು ಕಿಟಕಿಯ ಗ್ರಿಲ್ಲಿಗಾದರೂ ತೆರೆಯುವ ಬಾಗಿಲಿರಲಿ. ಕೀಲಿಕೈ ಅದೇ ಕೋಣೆಯಲ್ಲಿ, ದೊಡ್ಡವರ ಕೈಗೆಟುಕುವ ಎತ್ತರದಲ್ಲಿ.

ಮಕ್ಕಳ ವಾರ್ಡಿನ ನರ್ಸ್, ಠಾಣೆ:
ಕಿಟಕಿ ಆದಮೇಲೆ ನೀರು. ಈ ವಯಸ್ಸಿನಲ್ಲಿ ಮೈಯ ಅಳತೆಗೆ ತಲೆ ಭಾರ. ಬಕೆಟಿನೊಳಗೆ ಇಣುಕಿ ತಲೆಕೆಳಗಾದ ಮಗು ತಾನಾಗಿ ಮೇಲೇಳಲಾರದು, ತುಂಬಿದ ಬಕೆಟ್ ಉರುಳುವುದೂ ಇಲ್ಲ. ಎರಡು ಇಂಚು ನೀರಿದ್ದರೂ ಅಪಾಯವೇ, ಅದೂ ಸದ್ದಿಲ್ಲದೆ. ನೀರು ಹಿಡಿದಿಡಲೇಬೇಕಾದ ಊರಿದು, ಹಾಗಾಗಿ ತಿರುಗಿಸಿ ಮುಚ್ಚುವ ಮುಚ್ಚಳದ ಡ್ರಮ್ಮಿನಲ್ಲಿ ತುಂಬಿಡಿ. ಖಾಲಿ ಬಕೆಟ್ ಬೋರಲು ಹಾಕಿ. ಬಚ್ಚಲಿಗೆ ಹೊರಗಿನಿಂದ, ಐದಡಿ ಎತ್ತರದಲ್ಲಿ ಚಿಲಕ ಇರಲಿ. ಗೀಸರ್ 50 ಡಿಗ್ರಿಗೆ ಇಳಿಸಿ. 60 ಡಿಗ್ರಿಯ ನೀರು ಮಗುವಿನ ಚರ್ಮವನ್ನು ಕೆಲವೇ ಸೆಕೆಂಡಿನಲ್ಲಿ ಸುಡುತ್ತದೆ. ಸ್ನಾನದ ಬಕೆಟಿಗೆ ತಣ್ಣೀರು ಮೊದಲು, ಬಿಸಿನೀರು ಆಮೇಲೆ.

ದೇವರ ಗೂಡು ನೆಲಮಟ್ಟದಲ್ಲಿದ್ದರೆ ಕರ್ಪೂರ ಎತ್ತಿಡಿ, ನುಂಗಿದರೆ ಫಿಟ್ಸ್ ಬರುತ್ತದೆ. ನುಸಿಗುಳಿಗೆ, ಸೊಳ್ಳೆ ಓಡಿಸುವ ದ್ರವದ ರೀಫಿಲ್ ಸಹ ಮೇಲಕ್ಕೆ. ನುಂಗಿದ ಮಗುವಿಗೆ ವಾಂತಿ ಮಾಡಿಸಬೇಡಿ. ದಿಲ್ಲಿ ಏಮ್ಸ್‌ನ ವಿಷ ಮಾಹಿತಿ ಕೇಂದ್ರದ ಸಂಖ್ಯೆ 1800 116 117, ಹಗಲುರಾತ್ರಿ ಸಿಗುತ್ತದೆ. ರಿಮೋಟು, ಆಟಿಕೆಗಳ ಬಟನ್ ಸೆಲ್ ನುಂಗಿದ ಅನುಮಾನ ಬಂದರೂ ಕಾಯುವಂತಿಲ್ಲ, ಕೂಡಲೇ ಎಕ್ಸ್‌ರೇ. ಅನ್ನನಾಳದಲ್ಲಿ ಸಿಕ್ಕಿದರೆ ಎರಡೇ ಗಂಟೆಯಲ್ಲಿ ಸುಟ್ಟಗಾಯ ಮಾಡುತ್ತದೆ.

ಎಲೆಕ್ಟ್ರಿಷಿಯನ್, ಕಲ್ಯಾಣ:
ಪ್ಲಗ್ ಮುಚ್ಚಳಕ್ಕ ರೊಕ್ಕ ಹಾಕೂ ಮೊದಲ ಮೇನ್ ಬಾಕ್ಸ್ ತಗದು ನೋಡ್ರಿ. ಬರೇ ಎಂಸಿಬಿ (ಲೋಡ್ ಹೆಚ್ಚಾದ್ರ ಬೀಳೂ ಸ್ವಿಚ್) ಇದ್ರ ಅದು ವೈರ್ ಉಳಸ್ತದ, ಮಂದಿನ್ನ ಉಳಸೂದಿಲ್ಲ. ಕರೆಂಟ್ ಸೋರಿದ್ರ ತಟ್ಟನ ಲೈನ್ ಕಡಿಯೂ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೇಕು. ಅದರ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ರಿ, ಟ್ರಿಪ್ ಆಗಲಿಲ್ಲಂದ್ರ ಬದಲಸ್ರಿ. ಮುಚ್ಚಳ ಸಡಿಲ ಇದ್ರ ಕೂಸು ಕಿತ್ತು ಬಾಯಾಗ ಹಾಕ್ಕೋತದ, ಅದು ಇನ್ನೊಂದು ಕುತ್ತು. ನೆಲದ ಮ್ಯಾಲಿನ ಎಕ್ಸ್‌ಟೆನ್ಶನ್ ಬೋರ್ಡ್ ಮೊದಲ ಎತ್ರಿ.

ಪ್ರಶ್ನೆ ಕೇಳಿದವರು:
ಮಗು ಹಿಡಿದು ಎಳೆದರೆ ಉರುಳದ ಹಾಗೆ ಉಕ್ಕಿನ ಕಪಾಟು ಗೋಡೆಗೆ ಬಿಗಿಯಲು ತೂತು ಬೇಕಲ್ಲ?

ಗ್ರಿಲ್ ಕೆಲಸದವರು, ಭಾಂಡುಪ್:
ಬೇಕು. 8 ಮಿ.ಮೀ.ನ ಎರಡು ತೂತು, ಎರಡು ಎಲ್-ಬ್ರಾಕೆಟ್. ಖಾಲಿ ಮಾಡುವಾಗ ಪುಟ್ಟಿ ತುಂಬಿಕೊಡುತ್ತೇವೆ ಎಂದು ಮಾಲೀಕರಿಗೆ ವಾಟ್ಸಾಪಿನಲ್ಲಿ ಬರೆದು ಒಪ್ಪಿಗೆ ಪಡೆಯಿರಿ, ಮುಂದಿನ ಲೀವ್ ಅಂಡ್ ಲೈಸೆನ್ಸ್ ಬಾಡಿಗೆ ಕರಾರಿನಲ್ಲೂ ಸೇರಿಸಿ. ಅಲ್ಲಿಯವರೆಗೆ ಭಾರದ್ದೆಲ್ಲ ಕೆಳಗಿನ ಅರೆಯಲ್ಲಿರಲಿ, ಕಪಾಟಿಗೆ ಬೀಗ ಹಾಕಿರಿ. ಡ್ರಾಯರಿಗೆ ಅಂಟಿಸುವ ಲಾಕ್ ಸಾಕು: ಸ್ಪಿರಿಟಿನಿಂದ ಒರೆಸಿ ಅಂಟಿಸಿ, 24 ಗಂಟೆ ಎಳೆಯಬೇಡಿ. ಮಳೆಗಾಲದ ತೇವಕ್ಕೆ ಏಳುತ್ತದೆ, ಆಗಾಗ ನೋಡಿ. ಕೀಳುವಾಗ ಹೇರ್ ಡ್ರೈಯರಿನಿಂದ ಬಿಸಿಮಾಡಿ.

ಪುಣೆಯವರೇ:
ಹೊರಬಾಗಿಲು ತಾನೇ ಲಾಕ್ ಆಗುವಂಥದ್ದಾದರೆ ಒಂದು ಕೀಲಿ ಪಕ್ಕದ ಮನೆಯಲ್ಲಿ ಕೊಟ್ಟಿಡಿ. ಕಸ ಇಡಲು ಹೊರಗೆ ಕಾಲಿಟ್ಟಾಗ ಗಾಳಿಗೆ ಬಾಗಿಲು ಬಿದ್ದರೆ ಮಗು ಒಳಗೆ ಒಂದೇ ಆಗುತ್ತದೆ.